ಬೇಡ ಎಂದವರ ತಟ್ಟೆ

ಇತ್ತೀಚೆಗೆ ನನಗೆ ಹಸಿವಾಗುವುದಕ್ಕಿಂತ ಮೊದಲು ಸುಸ್ತಾಗುತ್ತದೆ. ಡಾಕ್ಟರರ ಹತ್ತಿರ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿದೆ ಎಂದು ಕೊಂಚ ನಿರಾಶೆಯಿಂದಲೇ ಹೇಳಿದರು. ನನ್ನ ರೋಗ ರಕ್ತದಲ್ಲಿಲ್ಲ, ಒಂದು ಪ್ರಶ್ನೆಯಲ್ಲಿದೆ ಎಂದು ಅವರಿಗೆ ಹೇಗೆ ಹೇಳುವುದು? ದಿನಾ ಬೆಳಿಗ್ಗೆ ಆಸರಿಗೆಂದು ಚಹಾ ಕುಡಿದಾದ ಮೇಲೆ ನಮ್ಮನೆಯವರು ಪೇಪರಿನ ಹಿಂದಿನಿಂದ ಬಹಳ ಸೌಮ್ಯವಾಗಿ, "ಇವತ್ತು ಎಂತ ಅಡುಗೆ?" ಎಂದು ಕೇಳುತ್ತಾರೆ. ಪಾಪ, ಅದರಲ್ಲಿ ದಬ್ಬಾಳಿಕೆ ಏನೂ ಇಲ್ಲ. ಏನು ಮಾಡಿದರೂ ಉಣ್ಣುವ ಜೀವ ಅದು. ತೊಂದರೆ ಇರುವುದೇ ಅಲ್ಲಿ. ಇಂಥದ್ದೇ ಆಗಬೇಕು ಎಂದು ಹಟ ಹಿಡಿಯುವವರಾಗಿದ್ದರೆ ಒಂದು ಸಲ ಜಗಳ ಮಾಡಿ ಮುಗಿಸಬಹುದಿತ್ತು. "ಎಂತಾದ್ರೂ ಅಡ್ಡಿಲ್ಲೆ" ಎನ್ನುವವರ ಹತ್ತಿರ ಜಗಳ ಮಾಡುವುದು ಹೇಗೆ?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ನಿವೃತ್ತಿಯಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಶಿರಸಿಯ ಹತ್ತಿರ ಇಸಳೂರಿನ ನಮ್ಮ ಮನೆಗೆ ಬಂದಾಗ ಇನ್ನು ಆರಾಮ ಎಂದುಕೊಂಡಿದ್ದೆ. ಶಾಲೆಯಲ್ಲಿದ್ದಾಗ ಅವಸರದಲ್ಲಿ ಒಂದು ಸಾರು ಮಾಡಿಟ್ಟು ಓಡಿದರೂ ನಡೆಯುತ್ತಿತ್ತು. ಈಗ ಪುರುಸೊತ್ತಿದೆಯಲ್ಲ, ಹಾಗಾಗಿ ಒಂದು ಪಲ್ಯವೂ ಇರಲಿ, ಒಂದು ತಂಬಳಿಯೂ ಇರಲಿ ಎಂದು ಯಾರೂ ಕೇಳದೆಯೇ ಆಗಿಬಿಟ್ಟಿದೆ. ಆರು ರುಚಿಗಳ ಬಗ್ಗೆ, ಯಾವ ಋತುವಿನಲ್ಲಿ ಏನು ಉಣ್ಣಬೇಕು ಎಂಬುದರ ಬಗ್ಗೆ ನಮ್ಮ ಹಿಂದಿನವರು ಎಷ್ಟೊಂದು ಬರೆದಿಟ್ಟಿದ್ದಾರೆ. ಆದರೆ ದಿನಾ ಬೆಳಗಾದರೆ ಆ ಆರರಲ್ಲಿ ಇವತ್ತು ಯಾವುದು ಎಂದು ತೀರ್ಮಾನಿಸುವ ತಲೆನೋವಿನ ಬಗ್ಗೆ ಒಂದು ಸಾಲೂ ಇಲ್ಲ. ಬರೆದವರಿಗೆ ಯಾರೋ ಅಡುಗೆ ಮಾಡಿ ಹಾಕುತ್ತಿದ್ದರು ಎಂಬುದು ನನ್ನ ಗುಮಾನಿ.

ಇಷ್ಟಾದರೂ ನನ್ನದು ದೊಡ್ಡ ಸುಸ್ತೇನಲ್ಲ. ಅದನ್ನು ಆಗಾಗ ನೆನಪಿಸಲೆಂದೇ ದೇವರು ನನಗೆ ಶಾರದೆಯನ್ನು ಕೊಟ್ಟಿದ್ದಾನೆ.

ಶಾರದೆ ನನ್ನ ಕಾಲೇಜಿನ ಗೆಳತಿ. ಶಿರಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬಿ.ಎ. ಮಾಡಿದೆವು. ಪರೀಕ್ಷೆ ಮುಗಿದು ಫಲಿತಾಂಶ ಬರುವ ಮೊದಲೇ ಅವಳನ್ನು ಸಿದ್ದಾಪುರದ ಹತ್ತಿರ ಕೋಲಸಿರ್ಸಿಗೆ ಮದುವೆ ಮಾಡಿ ಕೊಟ್ಟರು. ಹಿರಿ ಸೊಸೆ. ಗಂಡ, ಮೈದುನ, ವಾರಗಿತ್ತಿ ವಿಜಯ, ಅವರ ಮಗ, ಈಗ ಆ ಮಗನ ಹೊಸ ಹೆಂಡತಿ ನಯನ, ಎಲ್ಲರೂ ಒಂದೇ ಮನೆ, ಒಂದೇ ಅಡುಗೆ. ಬಂದು ಹೋಗುವವರು ಬೇರೆ. ತಾಲೂಕು ಕಚೇರಿ ಕೆಲಸಕ್ಕೆಂದು, ಹಲ್ಲು ಕೀಳಿಸಲೆಂದು ಸಿದ್ದಾಪುರಕ್ಕೆ ಬಂದ ನೆಂಟರಿಗೆಲ್ಲ ಸರಿಯಾಗಿ ಅವಳ ಮನೆಯ ಎದುರಿಗೇ ಹಸಿವಾಗುತ್ತದೆ. ಹಲ್ಲು ಕೀಳಿಸಿಕೊಂಡವರಿಗೆ ಗಂಜಿ, ಜೊತೆಗೆ ಬಂದವರಿಗೆ ಊಟ. ಅವಳ ಮದುವೆಯಾದ ಮೇಲೆ ನಾನು ಆ ಮನೆಗೆ ಎಷ್ಟು ಸಲ ಹೋಗಿದ್ದೇನೋ, ಅವಳು ಕೂತದ್ದನ್ನು ನೋಡಿದ ನೆನಪಿಲ್ಲ.

ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಒಂದು ವರ್ಷದಿಂದ ಎಲ್ಲ ಮಾತಿನ ಕೊನೆಗೂ ಒಂದೇ: "ಯಂಗೆ ಸಾಕಾಗಿ ಹೋತು ಮಾರಾಯ್ತಿ." ನಾನೂ ಪ್ರತಿ ಸಲ, ನೀನಲ್ಲದೆ ಇನ್ಯಾರಿಂದ ಅದೆಲ್ಲ ಸಾಧ್ಯ, ಆ ಮನೆ ನಿಂತಿರುವುದೇ ನಿನ್ನಿಂದ ಎನ್ನುತ್ತಿದ್ದೆ. ಹೊಗಳಿಕೆ ಎಂದೇ ಹೇಳುತ್ತಿದ್ದೆ. ಅವಳೂ ಹ್ಞೂಂ ಎಂದು ಫೋನಿಡುತ್ತಿದ್ದಳು.

ಕಳೆದ ತಿಂಗಳು ಮಾಡಿದ ಫೋನು ಮಾತ್ರ ಬೇರೆ ಥರ ಇತ್ತು. ದನಿ ತಗ್ಗಿಸಿ, ತಾನು ಅಡುಗೆಮನೆ ಬಿಡುತ್ತೇನೆ ಎಂದಳು. ಮನೆ ಬಿಡುವುದಲ್ಲ, ಗಂಡನನ್ನು ಬಿಡುವುದಲ್ಲ, ಆಸ್ತಿಯಲ್ಲಿ ಹಿಸೆ ಕೇಳುವುದೂ ಅಲ್ಲ. ಬರೀ ಅಡುಗೆಮನೆ. ಮನೆಯಲ್ಲಿ ಇನ್ನಿಬ್ಬರು ಹೆಂಗಸರಿದ್ದಾರೆ, ಕೈಕಾಲು ಗಟ್ಟಿ ಇರುವ ಗಂಡಸರಿದ್ದಾರೆ. ಬರುವ ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ತಿಂಡಿಯಾದ ಮೇಲೆ ಹೇಳಿಬಿಡಬೇಕು, ಆದರೆ ಬಾಯಿ ಬರುವುದಿಲ್ಲ ಎಂದಳು. ಹೇಳುವ ಮೊದಲು ಒಂದು ದಿನ ನನ್ನ ಜೊತೆ ಎಲ್ಲಾದರೂ ಕೂತು ಉಣ್ಣಬೇಕಂತೆ. ಎಲ್ಲಿ ಎಂದು ಕೇಳಿದೆ.

"ಎಲ್ಲಾದ್ರೂ ಅಡ್ಡಿಲ್ಲೆ. ಯಂಗೆ ಮಾಡಲೆ ಗೊತ್ತಿಲ್ದೇ ಇದ್ದಿದ್ದು ತಿನ್ನವು," ಎಂದಳು.

ಇದು ಕೇಳಲು ಸುಲಭ, ಹುಡುಕಲು ಕಷ್ಟ. ಶಾರದೆಗೆ ಗೊತ್ತಿಲ್ಲದ ಅಡುಗೆ ಶಿರಸಿಯಲ್ಲಿ ಎಲ್ಲಿಂದ ತರುವುದು? ಯಾವ ಹೋಟೆಲಿಗೆ ಕರೆದುಕೊಂಡು ಹೋದರೂ ಅವಳು ಉಣ್ಣುವುದಿಲ್ಲ, ತನಿಖೆ ಮಾಡುತ್ತಾಳೆ. ಹುಳಿಗೆ ಕಾಯಿ ಕಡಿಮೆ, ಕೊತ್ತಂಬರಿ ಹುರಿದದ್ದು ಹೆಚ್ಚು, ಉದ್ದಿನಬೇಳೆ ಸೀದಿದೆ ಎಂದು ಒಂದೊಂದೇ ತುತ್ತಿಗೆ ಒಂದೊಂದು ತೀರ್ಪು. ಉತ್ತರದ ಕಡೆಯ ಅಡುಗೆಯನ್ನೂ ಟೀವಿ ನೋಡಿ ಕಲಿತಿದ್ದಾಳೆ. ಹೋಟೆಲಿನಲ್ಲೂ ಅವಳ ತಲೆ ಒಲೆಯ ಮುಂದೆಯೇ ನಿಂತಿರುತ್ತದೆ. ಕೂತು ಉಣ್ಣುವುದು ಹೇಗೆ?

ಆಗ ನೆನಪಾದದ್ದು ನಮ್ಮ ಇಸಳೂರಿನ ಫ್ರೆಂಚ್ ಹೋಟ್ಲು.

ಅದಕ್ಕೆ ಬೇರೆ ಹೆಸರಿದೆ. ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ, ಆದರೆ ಇಂಗ್ಲಿಷಿನಂತೆ ಓದಬಾರದಂತೆ. ಅರ್ಧ ಅಕ್ಷರಗಳನ್ನು ಸುಮ್ಮನೆ ಕೂರಿಸಿದ್ದಾರೆ, ಉಚ್ಚರಿಸುವಂತಿಲ್ಲ. ಹೀಗಾಗಿ ಊರವರು ತಲೆ ಕೆಡಿಸಿಕೊಳ್ಳದೆ ಫ್ರೆಂಚ್ ಹೋಟ್ಲು ಎಂದೇ ಕರೆಯುತ್ತಾರೆ. ನಡೆಸುವವನು ಯಲ್ಲಾಪುರದ ಕಡೆಯ ಗಜಾನನ. ಪುದುಚೇರಿಯ ಫ್ರೆಂಚ್ ಅಡುಗೆಯ ಹೋಟೆಲಿನಲ್ಲಿ ಬಹಳ ವರ್ಷ ಕೆಲಸ ಮಾಡಿ, ಅಲ್ಲಿಯವಳನ್ನೇ ಮದುವೆಯಾಗಿ, ಇಲ್ಲಿ ಬಂದು ಮನೆ ಕಟ್ಟಿಸಿ, ಕೆಳಗಿನ ಅಂತಸ್ತಿನಲ್ಲಿ ಐದಾರು ಮೇಜು ಹಾಕಿದ್ದಾನೆ. ಹೆಂಡತಿ ಒಳಗೆ ಅಡುಗೆ ಮಾಡುತ್ತಾಳೆ, ಇವನು ಹೊರಗೆ ಬಡಿಸುತ್ತಾನೆ. ಮೊಟ್ಟೆ, ಮಾಂಸ ಮುಟ್ಟದವರಿಗೆ ಬೇರೆ ಪಾತ್ರೆ, ಬೇರೆ ಒಲೆ. ಊರಿನಲ್ಲಿ ಅವನ ಬಗ್ಗೆ ಮುಖ್ಯ ದೂರು ಒಂದೇ: ಅಲ್ಲಿ ಒಂದು ಊಟಕ್ಕೆ ಎರಡು ತಾಸು ಹಿಡಿಯುತ್ತದಂತೆ. ಎರಡು ತಾಸಿನಲ್ಲಿ ನಮ್ಮಲ್ಲಿ ಒಂದು ಉಪನಯನದ ಊಟದ ಎರಡು ಪಂಕ್ತಿ ಎದ್ದು, ಎಲೆ ತೆಗೆದು, ಮೂರನೆಯದಕ್ಕೆ ಜಗಳ ಶುರುವಾಗಿರುತ್ತದೆ.

ಶುಕ್ರವಾರ ಮಧ್ಯಾಹ್ನ ಎಂದು ಗೊತ್ತು ಮಾಡಿದೆವು. ನಮ್ಮನೆಯವರನ್ನೂ ಕರೆದೆ. ತಮಗೆ ಮನೆಯ ಊಟವೇ ಆದೀತು ಎಂದರು. ಮನೆಯ ಊಟ ಎಂದರೆ ಅದು ತಾನಾಗಿ ಮನೆಯ ಗೋಡೆಯಿಂದ ಉದುರುವುದಲ್ಲವಲ್ಲ. ಹಾಗಾಗಿ ಅನ್ನ, ತಂಬಳಿ, ಒಂದು ಪಲ್ಯ ಮಾಡಿ ಮುಚ್ಚಿಟ್ಟು ಹೊರಟೆ. ಶಾರದೆ ಅಂದು ನಾಲ್ಕೂವರೆಗೆ ಎದ್ದು ಎಲ್ಲರಿಗೂ ತಿಂಡಿ, ಊಟ ಎರಡನ್ನೂ ಮಾಡಿಟ್ಟು, ಸಿದ್ದಾಪುರದಿಂದ ಬಸ್ಸು ಹಿಡಿದು, ಶಿರಸಿಯಲ್ಲಿ ಇಳಿದು, ಆಟೋದಲ್ಲಿ ನಮ್ಮ ಮನೆಗೆ ಬಂದಳು. ಹೊರಗೆ ಉಣ್ಣಲು ಹೊರಟ ಇಬ್ಬರು ಹೆಂಗಸರು ಅಡುಗೆ ಮಾಡಿ ಮಾಡಿಯೇ ಅರ್ಧ ಜೀವವಾಗಿದ್ದೆವು. ಅವಳು ಬಂದವಳೇ ನಮ್ಮ ಅಡುಗೆಮನೆಗೆ ಹೋಗಿ ತಂಬಳಿಯ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಕೈ ಹಿಡಿದು ಎಳೆದುಕೊಂಡು ಬಂದೆ.

ಹೋಟೆಲಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಮೆತ್ತನೆಯ ಕುರ್ಚಿ, ಬಿಳಿ ಬಟ್ಟೆ ಹಾಸಿದ ಮೇಜು. ಶಾರದೆ ಬಟ್ಟೆಯ ಅಂಚು ಮುಟ್ಟಿ ನೋಡಿ, ಇದಕ್ಕೆ ಅರಿಸಿನ ಬಿದ್ದರೆ ಯಾರು ತೊಳೆಯುತ್ತಾರೆ ಎಂದು ನಿಟ್ಟುಸಿರು ಬಿಟ್ಟಳು. ಗಜಾನನ ದೊಡ್ಡದೊಂದು ಪಟ್ಟಿ ತಂದುಕೊಟ್ಟು ಏನು ಬೇಕು ಆರಿಸಿ ಎಂದ. ಇವತ್ತು ಎಂತ ಅಡುಗೆ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಇಲ್ಲಿಯವರೆಗೆ ಬಂದರೆ ಅದು ಚಿನ್ನದ ಅಂಚಿನ ಕಾಗದದಲ್ಲಿ ಮತ್ತೆ ಎದುರಿಗೆ ಬಂದು ಕೂತಿತ್ತು. ಪಟ್ಟಿಯನ್ನು ಅವನಿಗೇ ವಾಪಸು ಕೊಟ್ಟು, ನೀನು ಏನು ತಂದರೂ ಉಣ್ಣುತ್ತೇವೆ, ಕೇಳಬೇಡ ಮಾತ್ರ ಎಂದೆ. ಅವನು ನಕ್ಕು, ಹಾಗಾದರೆ ಈರುಳ್ಳಿಯ ಸಾರು, ಬದನೆಕಾಯಿಯದೊಂದು ಪದಾರ್ಥ, ಕೊನೆಗೆ ಸಿಹಿ, ಮೂರು ತರುತ್ತೇನೆ ಎಂದು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಸಾರು ಬಂತು. ಗುಂಡಗಿನ ಬಟ್ಟಲು, ಮೇಲೆ ಸುಟ್ಟ ಬ್ರೆಡ್ಡಿನ ತುಂಡು, ಹಬೆ. ಒಳ್ಳೆಯ ಪರಿಮಳ. ನಾವಿಬ್ಬರೂ ಅದರ ಮುಂದೆ ಕೈ ಕಟ್ಟಿ ಕೂತೆವು.

ಪಂಕ್ತಿಯಲ್ಲಿ ಉಂಡು ಬೆಳೆದವರು ಹೀಗೆಯೇ ಕೂರುವುದು. ನಮ್ಮಲ್ಲಿ ಎಲೆಯ ತುದಿಗೆ ಉಪ್ಪು ಬಿದ್ದಿತೆಂದು ಯಾರೂ ನೆಕ್ಕಲು ಶುರು ಮಾಡುವುದಿಲ್ಲ. ಉಪ್ಪಿನಕಾಯಿ ಬರಬೇಕು, ಕೋಸಂಬರಿ, ಪಲ್ಯ, ಚಿತ್ರಾನ್ನ ಬರಬೇಕು, ಅನ್ನ ಬರಬೇಕು, ಅದರ ಮೇಲೆ ತುಪ್ಪ ಬೀಳಬೇಕು, ಆಮೇಲೆ ಹಿರಿಯರು ಕೈ ಹಾಕಬೇಕು. ಅಲ್ಲಿಯವರೆಗೆ ಎಲೆಯನ್ನು ನೋಡುತ್ತ ಕೂರುವುದೇ ಸಭ್ಯತೆ. ಗಜಾನನ ಮೂರು ತರುತ್ತೇನೆ ಎಂದಿದ್ದಾನೆ, ಬಂದದ್ದು ಒಂದು. ಉಳಿದೆರಡು ಬರಲಿ, ಒಟ್ಟಿಗೆ ಶುರು ಮಾಡೋಣ ಎಂದು ನಾವು ಕಾದೆವು. ಆದರೆ ಅವರ ಶಾಸ್ತ್ರ ಬೇರೆ. ಮೊದಲಿನದನ್ನು ಉಂಡು ಮುಗಿಸದೆ ಎರಡನೆಯದು ಒಳಗಿನಿಂದ ಹೊರಡುವುದೇ ಇಲ್ಲ. ನಾವು ಬದನೆಕಾಯಿಗೆ ಕಾಯುತ್ತಿದ್ದೆವು, ಬದನೆಕಾಯಿ ನಮಗೆ ಕಾಯುತ್ತಿತ್ತು. ಹಬೆ ನಿಂತಿತು, ಬ್ರೆಡ್ಡು ಮುಳುಗಿತು. ಗಜಾನನ ಎರಡು ಸಲ ಪರದೆ ಸರಿಸಿ ನೋಡಿ ಹೋದ. ನಾವು ಎರಡು ಸಲವೂ ಗೌರವದಿಂದ ನಕ್ಕೆವು.

ಹೀಗೆ ಕಾಯುತ್ತಿರುವಾಗ ಶಾರದೆ ತನ್ನ ಮಾತು ತೆಗೆದಳು. ಎದೆಯಲ್ಲಿ ಏನೋ ಒತ್ತಿದಂತೆ ಆಗುತ್ತದೆ, ಕಾಯಿಲೆಯಲ್ಲ, ತೋರಿಸಿಯೂ ಆಯಿತು. ಬೆಳಿಗ್ಗೆ ಎದ್ದು ಒಲೆಯ ಮುಂದೆ ನಿಂತರೆ ಕಾಲು ಮುಂದಕ್ಕೆ ಬರುವುದಿಲ್ಲ. ಯಾರೂ ಬೈಯುವವರಿಲ್ಲ, ಎಲ್ಲರೂ ಒಳ್ಳೆಯವರೇ. ರುಚಿಯಾಗಿದೆ ಎಂದು ಹೇಳಿಯೇ ಉಣ್ಣುತ್ತಾರೆ. ಆದರೂ ಒಂದು ದಿನ ಕುಕ್ಕರಿನ ಸೀಟಿ ಕೇಳಿ ಅವಳಿಗೆ ಅಳು ಬಂದಿತಂತೆ. ಸೀಟಿಗೆ ಅಳುವುದುಂಟೇ ಎಂದು ತನ್ನನ್ನು ತಾನೇ ಬೈದುಕೊಂಡು ಹೆಸರುಕಾಳು ತೊಳೆದಳಂತೆ. ಭಾನುವಾರ ಹೇಳದಿದ್ದರೆ ಇನ್ನು ಸಾಯುವವರೆಗೂ ಹೇಳುವುದಿಲ್ಲ ಎಂಬುದು ತನಗೆ ಗೊತ್ತು ಎಂದಳು.

ನಾನು ಏನು ಹೇಳಿದೆ ಎಂದುಕೊಂಡಿರಿ? ಇನ್ನೊಂದು ವರ್ಷ ನೋಡು ಎಂದೆ. ನಯನ ಹೊಸಬಳು, ಅವಳಿಗೆ ಸ್ವಲ್ಪ ಹೊಂದಿಕೆಯಾಗಲಿ, ಈ ಸಲದ ಶ್ರಾದ್ಧ, ಹಬ್ಬ ಕಳೆಯಲಿ, ಒಮ್ಮೆಲೇ ಬಿಟ್ಟರೆ ಎಲ್ಲರಿಗೂ ಕಷ್ಟ ಎಂದೆ. ಮಾಸ್ತರಿಕೆ ಮಾಡಿದವಳಲ್ಲವೇ, ಉಪದೇಶ ತಾನಾಗಿ ಬಂತು. ಶಾರದೆ ತಣ್ಣಗಾದ ಸಾರಿನ ಬಟ್ಟಲನ್ನು ಸ್ವಲ್ಪ ಆಚೆ ಸರಿಸಿದಳು.

ಅಷ್ಟರಲ್ಲಿ ಗಜಾನನ ತಡೆಯಲಾರದೆ ಬಂದು, ಏನಾಯಿತು ಅಕ್ಕಾ, ವಾಸನೆ ಹಿಡಿಸಲಿಲ್ಲವೇ ಎಂದು ಕೇಳಿದ. ಉಳಿದದ್ದು ಬರಲಿ ಎಂದು ಕೂತಿದ್ದೇವೆ ಎಂದೆವು. ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಹಣೆ ಚಚ್ಚಿಕೊಂಡು ನಕ್ಕ. ತಾನೂ ಪುದುಚೇರಿಗೆ ಹೋದ ಹೊಸದರಲ್ಲಿ ಹೀಗೆಯೇ ಕೂತಿದ್ದನಂತೆ. ಸಾರನ್ನು ಒಳಗೆ ಕೊಂಡು ಹೋಗಿ ಬಿಸಿ ಮಾಡಿಸಿ ತಂದು, ಇದನ್ನು ಉಂಡರೆ ಮಾತ್ರ ಮುಂದಿನದು ಎಂದು ಮಕ್ಕಳಿಗೆ ಹೇಳುವಂತೆ ಹೇಳಿ ಹೋದ. ಉಂಡೆವು. ಚೆನ್ನಾಗಿತ್ತು. ಶಾರದೆ ಅದರಲ್ಲಿ ಏನೇನು ಹಾಕಿದ್ದಾರೆ ಎಂದು ಹುಡುಕಲು ಹೊರಟು, ಈರುಳ್ಳಿಯಿಂದ ಮುಂದೆ ದಾರಿ ಸಿಗದೆ ಸುಮ್ಮನಾದಳು. ಅವಳ ಹಣೆಯ ಗೆರೆಗಳು ಅಂದು ಮೊದಲ ಬಾರಿಗೆ ಸಡಿಲಾದವು.

ಬದನೆಕಾಯಿಯ ಪದಾರ್ಥ ಅವಳಿಗೆ ಬಹಳ ಹಿಡಿಸಿತು. ಬದನೆಕಾಯಿ, ಟೊಮೇಟೊ, ದೊಣ್ಣೆಮೆಣಸು, ಇನ್ನೊಂದೆರಡು ತರಕಾರಿ ತೆಳ್ಳಗೆ ಹೆಚ್ಚಿ ನಿಧಾನ ಬೇಯಿಸಿದ್ದು. ಕಾಯಿ ಇಲ್ಲ, ಬೆಲ್ಲ ಇಲ್ಲ, ಒಗ್ಗರಣೆ ಇಲ್ಲ, ಆದರೂ ರುಚಿ ಇದೆ. ಮುಳ್ಳುಚಮಚವನ್ನು ನಾನು ಮರ್ಯಾದೆಗೆ ಹಿಡಿದುಕೊಂಡು ಹೆಣಗುತ್ತಿದ್ದರೆ ಅವಳು ಅದನ್ನು ಬದಿಗಿಟ್ಟು ಕೈಯಲ್ಲಿಯೇ ಬ್ರೆಡ್ಡು ಮುರಿದು ಅದ್ದಿ ತಿಂದಳು. ತಟ್ಟೆ ಖಾಲಿಯಾಗುವ ಹೊತ್ತಿಗೆ ಗಜಾನನ ಬಂದು ಇನ್ನೊಂಚೂರು ತರಲೇ ಎಂದು ಕೇಳಿದ. ಅವಳು ಎರಡೂ ಕೈ ಅಡ್ಡ ಹಿಡಿದು, "ಬ್ಯಾಡ ಬ್ಯಾಡ, ಸಾಕು," ಎಂದಳು. ಅವನು ಆಗಲಿ ಎಂದು ತಟ್ಟೆ ಎತ್ತಿಕೊಂಡು ಹೋದ.

ಶಾರದೆಯ ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು.

ಅವಳಿಗೆ ಇನ್ನೊಂದು ಸುತ್ತು ಬೇಕಿತ್ತು. ನನಗೂ ಬೇಕಿತ್ತು, ಅವಳ ನಂತರ ನನ್ನನ್ನೂ ಕೇಳಿ, ನಾನೂ ಬೇಡ ಎಂದು, ಅವನು ಒತ್ತಾಯ ಮಾಡಿ ಇಬ್ಬರಿಗೂ ಹಾಕುತ್ತಾನೆ ಎಂದು ಸಿದ್ಧವಾಗಿಯೇ ಕೂತಿದ್ದೆ. ಈ ನಮ್ಮ ಉಪಚಾರ ಒಂದು ದೊಡ್ಡ ವಿದ್ಯೆ. ಮೊದಲನೆಯ ಬೇಡ ಸಂಸ್ಕಾರ. ಅದನ್ನು ನಂಬಿ ಮುಂದೆ ಹೋಗುವ ಬಡಿಸುವವನಿಗೆ ತಾಯಿ ತಂದೆ ಏನೂ ಕಲಿಸಲಿಲ್ಲ ಎಂದು ಅರ್ಥ. ಎರಡನೆಯ ಬೇಡ ಸಂಕೋಚ. ಅದಕ್ಕೆ "ಒಂದೇ ಒಂದ್ ಸೌಟು" ಎಂಬ ಉತ್ತರ. ಮೂರನೆಯದು ಎಲೆಯ ಮೇಲೆ ಕವುಚಿ ಬಿದ್ದು ಹೇಳುವ ಬೇಡ. ಅದು ನಿಜವಿರಬಹುದು ಎಂದು ಯೋಚಿಸುವ ಹೊತ್ತಿಗೆ ಬೆರಳ ಸಂದಿಯಿಂದ ಅರ್ಧ ಸೌಟು ಇಳಿದಿರುತ್ತದೆ. ಹೊಟ್ಟೆಯಲ್ಲಿ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಇನ್ನು ಕಾಲು ಗಾಳಿಗೆ ಬಿಡಬೇಕು ಎಂದು ವೈದ್ಯರು ಲೆಕ್ಕ ಹೇಳುತ್ತಾರೆ. ನಮ್ಮ ಕಡೆಯ ಅತಿಥಿಗಳು ಆ ಗಾಳಿಯ ಜಾಗಕ್ಕೂ ಹೋಳಿಗೆ ತುಂಬಿಕೊಂಡು ಎದ್ದು, ಗೋಡೆ ಹಿಡಿದು ಜಗಲಿಗೆ ಹೋಗುತ್ತಾರೆ. ಹುಲೇಕಲ್ಲಿನಲ್ಲಿ ನಮ್ಮ ನೆಂಟರ ಮನೆಯ ಊಟವೊಂದರಲ್ಲಿ ನಾನು ನಿಜವಾಗಿಯೂ ಹೊಟ್ಟೆ ಕೆಟ್ಟು ಬೇಡ ಎಂದರೆ ಮೂರು ಜನ ಬಂದು ಬಡಿಸಿದರು. ಒಬ್ಬರು ನನ್ನ ಗಂಡನ ಮೇಲೆ ಆಣೆ ಹಾಕಿದರು. ಗಂಡ ಉಳಿಯಲಿ ಎಂದು ಉಂಡೆ.

ಇಲ್ಲಿ ನೋಡಿದರೆ ಒಂದೇ ಬೇಡಕ್ಕೆ ತಟ್ಟೆ ಹೋಯಿತು. ಗಜಾನನನ ಕೈಯಿಂದ ಪುದುಚೇರಿ ನಮ್ಮೂರಿನ ಒತ್ತಾಯವನ್ನು ಪೂರ್ತಿ ತೊಳೆದುಬಿಟ್ಟಿದೆ ಎಂದು ನನಗೆ ನಗು ಬಂತು. ಶಾರದೆ ನಗಲಿಲ್ಲ. ಖಾಲಿ ಬಿಳಿ ಬಟ್ಟೆಯನ್ನು ನೋಡುತ್ತ ನಿಧಾನವಾಗಿ ಹೇಳಿದಳು.

"ಒಂದ್ ವರ್ಷಾತು ಕುಸುಮಾ. ಮನೇಲಿ ಆನು ಸಾಕು ಸಾಕು ಹೇಳಿ ಹೇಳ್ತಾ ಇದ್ದೆ. ಎಲ್ಲರೂ ಆನು ಉಪಚಾರಕ್ಕೆ ಹೇಳ್ತೆ ಹೇಳಿ ತಿಳ್ಕಂಡಿದ್ದ. ಈಗ ನೀನೂ ಇನ್ನೊಂದ್ ವರ್ಷ ಬಡಿಸ್ದೆ."

ಕೋಪದಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಸುಸ್ತಿನಿಂದ ಹೇಳಿದಳು. ನನಗೆ ನಾಚಿಕೆಯಾಯಿತು. ನೀನಲ್ಲದೆ ಇನ್ಯಾರು ಎಂಬ ನನ್ನ ಹೊಗಳಿಕೆಯೂ ಒಂದು ಸೌಟೇ ಆಗಿತ್ತು. ಉಣ್ಣುವವರ ಬೇಡವನ್ನು ನಂಬದಿದ್ದರೆ ಹೆಚ್ಚೆಂದರೆ ಅಜೀರ್ಣವಾಗುತ್ತದೆ, ಒಂದು ಲೋಟ ಕಷಾಯದಲ್ಲಿ ಹೋಗುತ್ತದೆ. ದುಡಿಯುವವರ ಬೇಡವನ್ನೂ ಹಾಗೆಯೇ ನಂಬದೆ ಇದ್ದರೆ? ಆಗಲಿ, ಹೇಳಿಬಿಡು, ಭಾನುವಾರವೇ ಹೇಳು ಎಂದೆ. ಇಷ್ಟೇ ಮಾತಿಗೆ ಅವಳ ಕಣ್ಣು ತುಂಬಿತು.

ಕೊನೆಗೆ ಸಿಹಿ ಬಂತು. ತೆಳ್ಳಗಿನ ದೋಸೆಯನ್ನು ನಾಲ್ಕು ಮಡಿಕೆ ಮಡಚಿ, ಮೇಲೆ ಕಿತ್ತಳೆ ರಸ ಮತ್ತು ಸಕ್ಕರೆ ಪಾಕ ಹೊಯ್ದದ್ದು. ಶಾರದೆ ಒಂದು ಅಂಚು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಒಮ್ಮೆಲೇ ಅರಳಿತು. ಇದು ತೆಳ್ಳೇವು, ಅದೂ ದಪ್ಪ ಆಗಿದೆ ಎಂದಳು. ನಮ್ಮ ಕಡೆ ಬೆಳಗಿನ ತಿಂಡಿಗೆ ಮಾಡುವ ತೆಳ್ಳೇವನ್ನು ಅವಳಷ್ಟು ತೆಳ್ಳಗೆ ಹೊಯ್ಯುವವರು ಸುತ್ತಮುತ್ತ ಇಲ್ಲ. ಏಳು ಸಮುದ್ರದ ಆಚೆಯ ಅಡುಗೆಯಲ್ಲೂ ಕೊನೆಗೆ ಒಂದು ತಪ್ಪು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಅವಳು ಅದನ್ನು ಪೂರ್ತಿ ತಿಂದಳು. ನಾನು ಇನ್ನೊಂದು ಹೇಳಲೇ ಎಂದು ಕೇಳಿದೆ. ಬೇಡ ಎಂದಳು. ನಿಜವಾದ ಬೇಡವೋ ಅಲ್ಲವೋ ಎಂದು ಇಬ್ಬರಿಗೂ ಗೊತ್ತಾಗದೆ ಒಂದು ಗಳಿಗೆ ಮುಖ ಮುಖ ನೋಡಿಕೊಂಡೆವು.

ಮೂರು ಗಂಟೆಯ ಬಸ್ಸಿಗೆ ಅವಳನ್ನು ಶಿರಸಿಯಲ್ಲಿ ಹತ್ತಿಸಿದೆ. ಆಟೋದಲ್ಲಿ ಬರುವಾಗ, ಹೇಳಬೇಕಾದ ಮಾತನ್ನು ಶಾಲೆಯ ಮಕ್ಕಳು ಭಾಷಣ ಬಾಯಿಪಾಠ ಮಾಡುವ ಹಾಗೆ ಮತ್ತೆ ಮತ್ತೆ ಹೇಳಿ ನೋಡಿದಳು. ಮನೆಯವರು ಹೀಗೆಂದರೆ ಹಾಗೆ, ಹಾಗೆಂದರೆ ಹೀಗೆ ಎಂದು ನಾನು ಉತ್ತರಗಳನ್ನೂ ಹೇಳಿಕೊಟ್ಟೆ. ಗಂಡ ಬೇಸರ ಮಾಡಿಕೊಂಡರೆ ಏನು, ಮೈದುನ ನೀವಿಲ್ಲದೆ ಹೇಗೆ ಅತ್ತಿಗೆ ಎಂದರೆ ಏನು, ವಿಜಯ ಅತ್ತರೆ ಏನು. ಎಲ್ಲಕ್ಕೂ ಒಂದೊಂದು ಉತ್ತರ ಸಿದ್ಧವಾಯಿತು. ಇಷ್ಟು ತಯಾರಿ ಮಾಡಿ ನಾನು ಯಾವ ವಿದ್ಯಾರ್ಥಿಯನ್ನೂ ಪರೀಕ್ಷೆಗೆ ಕಳಿಸಿದ್ದಿಲ್ಲ.

ಭಾನುವಾರ ಫೋನು ಬರಲಿಲ್ಲ. ನಾನಾಗಿ ಮಾಡಲು ಹೆದರಿಕೆ. ಅವತ್ತು ನಮ್ಮ ಮನೆಯ ಅನ್ನ ತಳ ಹಿಡಿಯಿತು. ನಮ್ಮನೆಯವರು ಅಡ್ಡಿಲ್ಲೆ ಎಂದು ಉಂಡರು.

ಸೋಮವಾರ ಸಂಜೆ ಮಾಡಿದಳು. ಹೇಳಿದೆಯಾ ಎಂದು ಕೇಳಿದೆ. ಹೇಳಿದೆ ಎಂದಳು. ದನಿ ಸರಿಯಿರಲಿಲ್ಲ. ಜಗಳವಾಯಿತೇ ಎಂದರೆ, ಜಗಳವಾಗಿದ್ದರೆ ಚೆನ್ನಾಗಿತ್ತು ಎಂದಳು.

ನಡೆದದ್ದು ಇಷ್ಟು. ತಿಂಡಿಯಾದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ನಾಳೆಯಿಂದ ತನ್ನ ಕೈಯಲ್ಲಿ ಅಡುಗೆ ಆಗುವುದಿಲ್ಲ, ನೀವು ನೋಡಿಕೊಳ್ಳಿ ಎಂದಳು. ಗಂಡ ತಲೆಯೆತ್ತಿ ಆಯಿತು ಎಂದ. ಮೈದುನ ಆಗಲಿ ಅತ್ತಿಗೆ ಎಂದ. ಯಾವಾಗಲೋ ಬಿಡಬೇಕಿತ್ತು ಅಕ್ಕ, ಹೇಳಿದರೆ ನೀವು ಬೇಜಾರು ಮಾಡಿಕೊಳ್ಳುತ್ತೀರೇನೋ ಎಂದು ಸುಮ್ಮನಿದ್ದೆವು ಎಂದಳು ವಿಜಯ. ಅಲ್ಲೇ ಕೂತು, ಒಂದು ದಿನ ವಿಜಯ, ಒಂದು ದಿನ ನಯನ, ತರಕಾರಿ ಹೆಚ್ಚುವುದು ನಯನಳ ಗಂಡ ಎಂದು ಐದು ನಿಮಿಷದಲ್ಲಿ ಎಲ್ಲ ನಿಗದಿಯಾಗಿಬಿಟ್ಟಿತು. ಆಮೇಲೆ ಎಲ್ಲರೂ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋದರು. ನಾನು ಹೇಳಿಕೊಟ್ಟ ಉತ್ತರಗಳಲ್ಲಿ ಒಂದೂ ಖರ್ಚಾಗಲಿಲ್ಲ.

"ಒಬ್ಬರಾದ್ರೂ, ಒಂದೇ ಸಲ, ನೀನಿಲ್ದೆ ಹೆಂಗೆ ಹೇಳಲಾಗ್ತಿತ್ತಿಲ್ಯ?" ಎಂದು ಶಾರದೆ ಫೋನಿನಲ್ಲೇ ಅತ್ತಳು.

ನನಗೆ ನಗು ಬಂದದ್ದು ನಿಜ. ಒಂದು ವರ್ಷ ತನ್ನ ಮಾತನ್ನು ಯಾರೂ ನಂಬಲಿಲ್ಲ ಎಂದು ಅತ್ತವಳು ಈಗ ಒಂದೇ ಮಾತಿಗೆ ನಂಬಿಬಿಟ್ಟರು ಎಂದು ಅಳುತ್ತಿದ್ದಳು. ಆದರೆ ನಗಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಒಂದು ಮನೆಗೆ ಬೇಯಿಸಿ ಹಾಕಿದವಳಿಗೆ ಬಿಡುವಾಗ ಒಂದು ಸಲ ಸೆರಗು ಹಿಡಿದೆಳೆಯಲಿ ಎಂದು ಆಸೆಯಾದರೆ ಅದು ತಪ್ಪೇ? ಬಿಡುಗಡೆ ಬೇಕು, ಆದರೆ ಬಾಗಿಲ ಹತ್ತಿರ ಯಾರಾದರೂ ಅಡ್ಡ ನಿಂತಿರಲಿ. ಫ್ರಾನ್ಸಿನ ಹೆಂಗಸರಿಗೂ ಹೀಗೆಯೇ ಅನಿಸುತ್ತದೋ ಏನೋ, ಗಜಾನನನನ್ನು ಕೇಳಿದರೆ ಅವನಿಗೂ ಗೊತ್ತಿರಲಿಕ್ಕಿಲ್ಲ. ಇವತ್ತು ಮಧ್ಯಾಹ್ನ ಊಟ ಹೇಗಾಯಿತು ಎಂದು ಸುಮ್ಮನೆ ಕೇಳಿದೆ.

ಮೂಗು ಒರೆಸಿಕೊಂಡು ಹೇಳಿದಳು. ಇವತ್ತು ನಯನಳ ಸರದಿ. ಅಡುಗೆಮನೆಯ ಕಡೆ ತಲೆ ಹಾಕಬಾರದೆಂದು ಶಾರದೆ ಬೆಳಗಿನಿಂದ ಜಗಲಿಯಲ್ಲಿ ಕೂತಿದ್ದಳು. ಹನ್ನೆರಡೂವರೆಗೆ ಆ ಹುಡುಗಿ ಬಂದು, ದೊಡ್ಡತ್ತೆ ಊಟಕ್ಕೆ ಬನ್ನಿ ಎಂದು ಕರೆದಳು. ಎಲ್ಲಿ ಕೂರಬೇಕು ಎಂದೇ ಇವಳಿಗೆ ತಿಳಿಯಲಿಲ್ಲ. ಎಲ್ಲರದ್ದೂ ಆದ ಮೇಲೆ ಒಲೆಯ ಬದಿಗೆ ತಟ್ಟೆ ಹಿಡಿದು ಕೂತೇ ಅಭ್ಯಾಸ. ನಯನ ಮೈದುನನ ಪಕ್ಕ ಒಂದು ತಟ್ಟೆ ಇಟ್ಟು ಕೂರಿಸಿದಳು. ಬಿಸಿ ಅನ್ನ ಹಾಕಿದಳು, ಹುಳಿ ಹಾಕಿದಳು, ಎರಡನೇ ಸಲ ಸೌಟು ಹಿಡಿದು ಬಂದಳು. ಇವಳು ಕೈ ಅಡ್ಡ ಹಿಡಿದಳು. ಹುಡುಗಿ ಕೈ ಸರಿಸಿದಳು.

"ಬ್ಯಾಡ ಬ್ಯಾಡ ಹೇಳ್ತಾ ಇದ್ರೂ ಹಾಕಿದ್ಲು ಕುಸುಮಾ," ಎಂದಳು ಶಾರದೆ. "ಈ ಮನೆಗೆ ಬಂದ ಮೇಲೆ ಯಂಗೆ ಯಾರೂ ಬಡಿಸಿದ್ದಿಲ್ಲೆ."

ಉಂಡೆಯಾ ಎಂದು ಕೇಳಿದೆ. ಹಾಕಿದ್ದನ್ನೆಲ್ಲ ಉಂಡಳಂತೆ, ಬಿಟ್ಟರೆ ಬಡಿಸಿದ ಕೂಸಿಗೆ ಬೇಜಾರಾಗುತ್ತದೆ ಎಂದು. ಉಂಡು ಎದ್ದವಳಿಗೆ ತೊಳೆಯಲು ಪಾತ್ರೆ ಇರಲಿಲ್ಲ, ಮುಚ್ಚಿಡಲು ಅನ್ನ ಇರಲಿಲ್ಲ. ಮಧ್ಯಾಹ್ನ ಮಲಗಿಯೇ ಗೊತ್ತಿಲ್ಲದವಳು ಒಂದು ಚಾಪೆ ಹಾಸಿಕೊಂಡು, ಚಹಾಕ್ಕೆ ಎಬ್ಬಿಸುವವರೆಗೂ ನಿದ್ದೆ ಮಾಡಿದಳಂತೆ.